ಕೂರ್ಮಪ್ಪನ ಕೊಕ್ಕು

ಅಮ್ಮ ಕೋಲಾರದಿಂದ ಇಂಗ್ಲೆಂಡಿನ ನಮ್ಮ ಮನೆಗೆ ಬಂದ ವರ್ಷದ ಮಾತು. ಮಾರ್ಚ್ ತಿಂಗಳು, ಹೊರಗೆ ಕೊರೆಯುವ ಚಳಿ. ಬಂದವಳೇ ಕೈಕಾಲು ತೊಳೆದು, ಕಾಫಿ ಕುಡಿದು, ಮನೆಯನ್ನೆಲ್ಲ ನೋಡುತ್ತ ಹಿತ್ತಲ ಷೆಡ್ಡಿಗೆ ಹೋದಳು. ಅಲ್ಲೊಂದು ಸಣ್ಣ ಫ್ರಿಜ್ಜು ಗುಂಯ್ ಅನ್ನುತ್ತಿತ್ತು. ಬಾಗಿಲು ತೆಗೆದರೆ ಒಳಗೆ ಹಾಲಿಲ್ಲ, ತರಕಾರಿಯಿಲ್ಲ. ತೂತು ಕೊರೆದ ಒಂದು ಡಬ್ಬಿ, ಅದರೊಳಗೆ ಕಾಗದದ ಚೂರುಗಳ ನಡುವೆ ತಲೆ ಕಾಲು ಒಳಗೆಳೆದುಕೊಂಡು ಮಲಗಿದ್ದ ಆಮೆ.

"ಅಯ್ಯೋ, ಇದೇನೇ ಇದು! ಜೀವ ಇದೆಯೇನೇ ಇದಕ್ಕೆ?"

"ಇದೆ ಅಮ್ಮ. ನಿದ್ದೆ ಮಾಡ್ತಿದೆ. ಇನ್ನೊಂದು ವಾರಕ್ಕೆ ಏಳುತ್ತೆ."

"ಫ್ರಿಜ್ಜಲ್ಲಿ ನಿದ್ದೆಯೇ!"

ಅವಳಿಗೆ ಬಿಡಿಸಿ ಹೇಳಿದೆ. ಇದು ಹರ್ಮನ್ಸ್ ಜಾತಿಯ ಆಮೆ. ಸ್ಪೇನಿನಿಂದ ಗ್ರೀಸಿನವರೆಗೆ ಮೆಡಿಟರೇನಿಯನ್ ಸೀಮೆಯ ಒಣ ಕುರುಚಲಲ್ಲಿ ಬದುಕುವಂಥದ್ದು. ಚಳಿಗಾಲದಲ್ಲಿ ಮಣ್ಣೊಳಗೆ ಹೂತುಕೊಂಡು ಮಲಗುತ್ತದೆ. ಇಂಗ್ಲೆಂಡಿನ ಚಳಿಗಾಲ ನಂಬುವ ಹಾಗಿಲ್ಲ. ನಡುವೆ ನಾಲ್ಕು ದಿನ ಬೆಚ್ಚಗಾದರೆ ಆಮೆ ಎದ್ದುಬಿಡುತ್ತದೆ, ಮತ್ತೆ ಹಿಮ ಬಿದ್ದರೆ ಸಾಯುತ್ತದೆ. ಅದಕ್ಕೇ ಇಲ್ಲಿ ಆಮೆ ಸಾಕುವವರು ಎಷ್ಟೋ ಮಂದಿ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲುವ ಫ್ರಿಜ್ಜಿನಲ್ಲಿ ಮಲಗಿಸುತ್ತಾರೆ. ಆಗಾಗ ಬಾಗಿಲು ತೆಗೆದು ಗಾಳಿ ಬಿಡಬೇಕು, ತೂಕ ನೋಡುತ್ತಿರಬೇಕು, ಅಷ್ಟೇ.

ಅಮ್ಮ ಎಲ್ಲ ಕೇಳಿಸಿಕೊಂಡು, "ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಅಂತ ನಮ್ಮ ಕಡೆ ಗಾದೆ ಇದೆ, ನೀನು ಕೇಳಿಲ್ವೇನೇ?" ಅಂದಳು. ಜಪ್ತಿ ಮಾಡಲು ಬರುವ ಕೋರ್ಟಿನ ಅಮೀನನೂ ಆಮೆಯೂ ಕಾಲಿಟ್ಟ ಮನೆ ಉದ್ಧಾರವಾಗುವುದಿಲ್ಲ ಅನ್ನುವ ಮಾತು ಅದು. ನಾನು ವಾದ ಮಾಡಲಿಲ್ಲ.

ವಾರ ಕಳೆದು ಆಮೆಯನ್ನು ಎಬ್ಬಿಸಿದೆವು. ಅಗಲದ ತಟ್ಟೆಯಲ್ಲಿ ಗದ್ದ ಮುಟ್ಟುವಷ್ಟು ಉಗುರುಬೆಚ್ಚಗಿನ ನೀರು ಹಾಕಿ ಇಳಿಸಿದಾಗ, ತಿಂಗಳುಗಟ್ಟಲೆ ನೀರು ಕಾಣದ ಆ ಜೀವ ಕತ್ತು ನೀಡಿ, ಮೂತಿ ಅದ್ದಿ, ಗಂಟಲು ಮೇಲೆ ಕೆಳಗೆ ಆಡಿಸುತ್ತ ಕುಡಿಯತೊಡಗಿತು. ಅಮ್ಮ ಮಣೆ ಎಳೆದುಕೊಂಡು ಎದುರಿಗೇ ಕೂತಳು. "ಕುಡಿಯಪ್ಪ, ಕುಡಿ ಕೂರ್ಮಪ್ಪ" ಅಂದಳು. ಹಳೆಯ ಮನೆಯಲ್ಲಿ ಅವನಿಗೆ ಏನೋ ಇಂಗ್ಲಿಷ್ ಹೆಸರಿತ್ತು. ಅಂದಿನಿಂದ ಅವನು ಕೂರ್ಮಪ್ಪನೇ. ಗಾದೆಯ ಸುದ್ದಿ ಮತ್ತೆ ಬರಲಿಲ್ಲ.

ಅವನು ನಮಗೆ ಬಂದದ್ದು ಪಕ್ಕದ ಮನೆಯ ಅಜ್ಜಿಯಿಂದ. 1970ರ ದಶಕದಲ್ಲಿ ಮಗನಿಗೆಂದು ಸಾಕುಪ್ರಾಣಿ ಅಂಗಡಿಯಿಂದ ತಂದಿದ್ದರಂತೆ. ಆಗ ಯುಗೊಸ್ಲಾವಿಯ, ಮೊರಾಕೊ, ಟರ್ಕಿಯ ಕಾಡುಗಳಿಂದ ಆಮೆಗಳನ್ನು ಪೆಟ್ಟಿಗೆಗಳಲ್ಲಿ ಒಂದರ ಮೇಲೊಂದು ತುಂಬಿ ಬ್ರಿಟನ್ನಿಗೆ ತರುತ್ತಿದ್ದರು. ಚಿಲ್ಲರೆ ಕಾಸಿಗೆ ಮಾರಾಟ. ಓಡಿಹೋಗದಂತೆ ಚಿಪ್ಪಿಗೆ ತೂತು ಕೊರೆದು ದಾರ ಕಟ್ಟುತ್ತಿದ್ದ ಮನೆಗಳೂ ಇದ್ದವು. ಚಿಪ್ಪಿಗೂ ನರವಿದೆ, ನೋವಾಗುತ್ತದೆ ಅನ್ನುವುದು ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ಬಂದವುಗಳಲ್ಲಿ ಬಹಳಷ್ಟು ಮೊದಲ ಚಳಿಗಾಲವನ್ನೇ ದಾಟಲಿಲ್ಲ. 1984ರಲ್ಲಿ ಆ ವ್ಯಾಪಾರ ನಿಷೇಧವಾಯಿತು. ಆ ಚಳಿಗಾಲಗಳನ್ನು ದಾಟಿ ಉಳಿದವರಲ್ಲಿ ನಮ್ಮ ಕೂರ್ಮಪ್ಪ ಒಬ್ಬ. ಅಜ್ಜಿ ವೃದ್ಧಾಶ್ರಮ ಸೇರುವಾಗ ಅವನನ್ನು, ಅವನ ಫ್ರಿಜ್ಜನ್ನು, ಅವನ ತೂಕ ಬರೆದಿಟ್ಟ ಹಳೆಯ ನೋಟುಬುಕ್ಕನ್ನು ನನ್ನ ಕೈಗಿತ್ತರು. "ಇವನು ನನಗಿಂತ ಹೆಚ್ಚು ದಿನ ಇರ್ತಾನೆ, ನೋಡಿಕೊಳ್ಳಿ" ಅಂದರು.

ಆಮೆಯ ತೂಕ ಬರೆದಿಡುವುದು ಈ ಸೀಮೆಗೆ ಹೊಸದಲ್ಲ. ನಮ್ಮ ಊರಿನಿಂದ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ, ಸೆಲ್‌ಬೋರ್ನ್ ಅನ್ನುವ ಹಳ್ಳಿ. ಅಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ 1780ರಲ್ಲಿ ತೀರಿಕೊಂಡ ಸೋದರತ್ತೆಯಿಂದ ಬಂದ ಟಿಮೊಥಿ ಎಂಬ ಆಮೆಯನ್ನು ತನ್ನ ಕೊನೆಯವರೆಗೂ ಸಾಕಿದ. ಅದು ಯಾವಾಗ ಮಣ್ಣೊಳಗೆ ಇಳಿಯಿತು, ಯಾವಾಗ ಎದ್ದಿತು, ಏನು ತಿಂದಿತು, ಎಷ್ಟು ತೂಗಿತು, ಎಲ್ಲವನ್ನೂ ದಿನಚರಿಯಲ್ಲಿ ಬರೆದ. ಅದರ ಚಿಪ್ಪು ಈಗಲೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಗಂಡೆಂದೇ ಅಷ್ಟು ವರ್ಷ ನಂಬಿದ್ದ ಟಿಮೊಥಿ ಹೆಣ್ಣು ಅನ್ನುವುದು ಗೊತ್ತಾದದ್ದು ಅದು ಸತ್ತ ಮೇಲೆ. ಹತ್ತಿರವಿಟ್ಟುಕೊಂಡು ನೋಡುವವರಿಗೂ ಆಮೆ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ. ನೋವಿನ ವಿಷಯದಲ್ಲಂತೂ ಇನ್ನೂ ಹೆಚ್ಚು.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ. ಬಿಸಿಲು ಬಂದಿತ್ತು ಅಂತ ಅಮ್ಮ ಶಾಲು ಹೊದ್ದು ಹಿತ್ತಲಲ್ಲಿ ಕೂತಿದ್ದಳು. ಹಿತ್ತಲ ಮೂಲೆಯಲ್ಲಿ ಹಿಂದಿನ ಮಾಲೀಕರು ಕಲ್ಲು ಪೇರಿಸಿ ಗಿಡ ನೆಟ್ಟ ಒಂದು ದಿಬ್ಬ. ಹರ್ಮನ್ಸ್ ಆಮೆಗಳು ಹತ್ತುವುದರಲ್ಲಿ ಗಟ್ಟಿಗರು. ಮಲೆನಾಡ ಮೇಕೆ ಬಂಡೆ ಹತ್ತಿದ ಹಾಗೆ ಹತ್ತುತ್ತಾರೆ. ಇಳಿಯುವುದು ಮಾತ್ರ ಬರುವುದಿಲ್ಲ. ಒಳಗಿದ್ದ ನನಗೆ ಠಕ್ ಅಂತ ಸದ್ದು, ಅದರ ಹಿಂದೆಯೇ ಅಮ್ಮನ ಕೂಗು.

"ಬೇಗ ಬಾರೇ! ಕೂರ್ಮಪ್ಪ ಮಕಾಡೆ ಬಿದ್ದ!"

ಚಪ್ಪಡಿಗೆ ಮುಖ ಬಡಿದು ಬಿದ್ದಿದ್ದ. ಎತ್ತಿ ತಿರುಗಿಸಿದೆ. ತಲೆ ಒಳಗೆಳೆದುಕೊಂಡಿದ್ದ, ಮುಂಗಾಲುಗಳ ನಡುವೆ ಬಾಯಿ ಮಾತ್ರ ಕಾಣುತ್ತಿತ್ತು. ಮೇಲ್ಕೊಕ್ಕಿನ ಎಡಗಡೆ ಅಂಚಿನಲ್ಲಿ ಎರಡು ಮೂರು ಮಿಲಿಮೀಟರಿನಷ್ಟು ಚೂರು ಹಾರಿಹೋಗಿತ್ತು. ಅಲ್ಲಿ ಸಣ್ಣಗೆ ರಕ್ತ ಜಿನುಗುತ್ತಿತ್ತು. ಅಷ್ಟು ಪೆಟ್ಟು ಬಿದ್ದರೂ ಅವನಿಂದ ಒಂದು ಸದ್ದಿಲ್ಲ. ನಾಯಿಯಾಗಿದ್ದರೆ ಬೀದಿಗೆಲ್ಲ ಕೇಳುತ್ತಿತ್ತು. ಅಮ್ಮ ಅವನ ಮುಖವನ್ನೇ ನೋಡುತ್ತ, "ಬಾಯಿಬಿಟ್ಟು ಅಳೋಕೂ ಬರಲ್ವಲ್ಲೇ ಇದಕ್ಕೆ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಆಮೆಗೆ ಹಲ್ಲಿಲ್ಲ. ದವಡೆಯ ಮೂಳೆಯ ಮೇಲೆ ಕೆರಾಟಿನ್ ಹೊದಿಕೆ, ಅದೇ ಕೊಕ್ಕು. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದರಿಂದಲೇ ಆದದ್ದು. ಉಗುರಿನಂತೆಯೇ ಬುಡದಿಂದ ಬೆಳೆಯುತ್ತ, ತುದಿಯಲ್ಲಿ ಸವೆಯುತ್ತ ಇರುತ್ತದೆ. ತುದಿ ಮುರಿದರೆ ಹೆದರಬೇಕಿಲ್ಲ, ಬೆಳೆದುಕೊಳ್ಳುತ್ತದೆ. ಬಿರುಕು ಮೇಲಕ್ಕೆ ಮೂಗಿನ ಕಡೆ ಹೋಗಿದ್ದರೆ, ದವಡೆ ಅಲುಗಾಡಿದರೆ, ರಕ್ತ ನಿಲ್ಲದಿದ್ದರೆ ವಿಷಯ ಬೇರೆ. ಮೂಳೆಗೆ ಪೆಟ್ಟಾಗಿದೆ ಅಂತ ಅರ್ಥ. ಶುಭ್ರವಾದ ಗಾಜ್ ಬಟ್ಟೆಯನ್ನು ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು.

ಅಷ್ಟರಲ್ಲಿ ಅಮ್ಮ ಒಳಗಿನಿಂದ ಅರಿಶಿನದ ಡಬ್ಬಿ ತಂದಿದ್ದಳು. "ಕೊಬ್ಬರಿ ಎಣ್ಣೇಲಿ ಕಲಸಿ ಹಚ್ತೀನಿ, ಮೂರು ದಿನಕ್ಕೆ ವಾಸಿ."

"ಬಾಯೊಳಗೆ ಹೋಗುತ್ತೆ ಅಮ್ಮ. ಗಾಯ ಮುಚ್ಚಿಹೋದರೆ ಡಾಕ್ಟರಿಗೂ ಕಾಣಲ್ಲ. ಅವರು ನೋಡಲಿ, ಆಮೇಲೆ ನೋಡೋಣ."

ಡಬ್ಬಿಯನ್ನು ಕಿಟಕಿ ಕಟ್ಟೆಯ ಮೇಲಿಟ್ಟಳು. ಒಳಗೆ ಒಯ್ಯಲಿಲ್ಲ.

ಹತ್ತಿರದ ಕ್ಲಿನಿಕ್ಕಿಗೆ ಫೋನ್ ಮಾಡಿದರೆ ನಾಯಿ ಬೆಕ್ಕು ಬಿಟ್ಟರೆ ಬೇರೇನೂ ನೋಡುವುದಿಲ್ಲ ಅಂದರು. ಸರೀಸೃಪಗಳನ್ನು ನೋಡುವ ಡಾಕ್ಟರು ಸಿಕ್ಕಿದ್ದು ಇನ್ನೊಂದು ಊರಿನಲ್ಲಿ, ಮರುದಿನ ಬೆಳಿಗ್ಗೆಗೆ. ಆ ರಾತ್ರಿ ಅವನನ್ನು ಮಣ್ಣು, ತೊಗಟೆ ಯಾವುದೂ ಇಲ್ಲದ ಪೆಟ್ಟಿಗೆಯಲ್ಲಿ ಪತ್ರಿಕೆ ಹಾಸಿ ಮನೆಯೊಳಗೆ ಬೆಚ್ಚಗಿಟ್ಟೆವು. ಹಸಿ ಗಾಯಕ್ಕೆ ಮಣ್ಣು ಮೆತ್ತಬಾರದು, ನೊಣ ಕೂರಬಾರದು. ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುವಾಗುತ್ತದೆ.

ಡಾಕ್ಟರು ನಡುವಯಸ್ಸಿನ ಹೆಂಗಸು. ಆಕೆ ಕೂರ್ಮಪ್ಪನ ತಲೆಯನ್ನು ಎಳೆಯಲು ಹೋಗಲೇ ಇಲ್ಲ. ಮೇಜಿನ ಮೇಲೆ ಬೆಚ್ಚಗಿನ ಟವೆಲ್ ಹಾಸಿ ಅವನನ್ನಿಟ್ಟು, ಕುರ್ಚಿ ಎಳೆದುಕೊಂಡು ಕಾದರು. ಹೊರಗೆ ಬೇರೆಯವರು ಸಾಲಾಗಿ ಕೂತಿದ್ದರೂ ಕಾದರು. ಆಮೇಲೆ ಮೂಗಿನ ತುದಿ ಹೊರಬಂತು, ಕಣ್ಣು ಬಂತು, ಕತ್ತು ಬಂತು. ಆಗ ಎರಡು ಬೆರಳನ್ನು ದವಡೆಯ ಹಿಂದೆ ಮೆಲ್ಲಗೆ ಇಟ್ಟು ಹಿಡಿದುಕೊಂಡರು. ಮೂಗಿನಲ್ಲಿ ಗುಳ್ಳೆ ಇದೆಯೇ, ಮೇಲ್ದವಡೆ ಕೆಳದವಡೆ ಸರಿಯಾಗಿ ಕೂಡುತ್ತವೆಯೇ, ಬಾಯೊಳಗೆ ಗುಲಾಬಿ ಬಣ್ಣವೇ, ಬೂದಿ ಬಣ್ಣವೇ, ಒಂದೊಂದಾಗಿ ಟಾರ್ಚ್ ಹಿಡಿದು ನೋಡಿದರು. ಮೂಳೆಗೆ ಏನೂ ಆಗಿಲ್ಲ. ಮುರಿದ ಅಂಚು ಚೂಪಾಗಿತ್ತು. ಕೆಳದವಡೆಯ ಕಡೆ ಗೀರಬಾರದೆಂದು ಸಣ್ಣ ಅರದಿಂದ ನಾಲ್ಕು ಸಲ ಉಜ್ಜಿ ನುಣುಪು ಮಾಡಿದರು. ನೋವಿಗೆ ಒಂದು ಚುಚ್ಚುಮದ್ದು, ಅದನ್ನೂ ಮುಂಗಾಲಿಗೇ ಕೊಟ್ಟರು. ಆಮೆಯ ಹಿಂಗಾಲಿನ ರಕ್ತ ಮೈಗೆಲ್ಲ ಹರಡುವ ಮೊದಲೇ ಮೂತ್ರಪಿಂಡದ ದಾರಿ ಹಿಡಿಯಬಹುದು, ಅದಕ್ಕೇ ಮುಂಭಾಗ ಅಂದರು.

ಅಮ್ಮನ ಪರವಾಗಿ ನಾನೇ ಅರಿಶಿನದ ವಿಷಯ ಕೇಳಿದೆ. ಡಾಕ್ಟರು ನಗಲಿಲ್ಲ, ಅದೇ ನನಗೆ ಹಿಡಿಸಿದ್ದು. "ಎಣ್ಣೆ, ಮುಲಾಮು, ಪುಡಿ ಯಾವುದೂ ಬೇಡ. ಮನುಷ್ಯರ ನೋವಿನ ಮಾತ್ರೆಯಂತೂ ಕೂಡದು. ಅಂಟು ಹಾಕಿ ಚೂರು ಕೂರಿಸಲು ಹೋಗುವವರಿದ್ದಾರೆ, ಉಗುರು ಕತ್ತರಿಯಿಂದ ಕತ್ತರಿಸುವವರಿದ್ದಾರೆ, ಅದೂ ಬೇಡ. ಪೊವಿಡೋನ್ ಅಯೋಡಿನನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ಹತ್ತಿಕಡ್ಡಿಯಿಂದ ಒರೆಸಿ, ಆಮೇಲೆ ಬರೀ ನೀರಿನಲ್ಲಿ ಒರೆಸಿ. ಮಿಕ್ಕದ್ದು ಬಿಸಿಯ ಕೆಲಸ."

ಬಿಸಿಯ ಕೆಲಸ ಅಂದದ್ದನ್ನು ನಾನು ಮನೆಗೆ ಬಂದ ಮೇಲೂ ಯೋಚಿಸುತ್ತಿದ್ದೆ. ಆಮೆಯ ಮೈ ತನ್ನಷ್ಟಕ್ಕೆ ಬಿಸಿ ಹುಟ್ಟಿಸುವುದಿಲ್ಲ. ಅರಗುವುದು, ಗಾಯ ಮಾಯುವುದು, ರೋಗದ ಜೊತೆ ಹೋರಾಡುವುದು, ಎಲ್ಲಕ್ಕೂ ಹೊರಗಿನ ಬಿಸಿಯೇ ಬೇಕು. ತಣ್ಣಗಿರುವ ಆಮೆಗೆ ಎಂಥ ಒಳ್ಳೆಯ ಔಷಧಿ ಕೊಟ್ಟರೂ ಅದು ಮೈಗೆ ಹತ್ತುವುದಿಲ್ಲ. ತಿನ್ನಿಸಿದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಪೆಟ್ಟಿಗೆಯ ಒಂದು ಮೂಲೆಗೆ ಬಲ್ಬು ಇಳಿಬಿಟ್ಟು ಅದರ ಕೆಳಗೆ 32 ಡಿಗ್ರಿ ನಿಲ್ಲುವ ಹಾಗೆ ಮಾಡಿದೆವು. ಇನ್ನೊಂದು ಮೂಲೆ ತಂಪು, ಬೇಕಾದ ಕಡೆ ಅವನೇ ಹೋಗಲಿ ಅಂತ. ಯುವಿಬಿ ದೀಪವನ್ನೂ ಹೊಸದು ಹಾಕಿದೆ. ಆ ದೀಪ ಹಳೆಯದಾದರೆ ಕಣ್ಣಿಗೆ ಬೆಳಕು ಕಾಣುತ್ತಲೇ ಇರುತ್ತದೆ, ಕಿರಣದ ಬಲ ಮಾತ್ರ ಇಳಿದಿರುತ್ತದೆ. ಅದಿಲ್ಲದೆ ವಿಟಮಿನ್ ಡಿ ಇಲ್ಲ, ಡಿ ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಸೇರುವುದಿಲ್ಲ, ಕ್ಯಾಲ್ಸಿಯಂ ಇಲ್ಲದ ದವಡೆಯ ಮೇಲೆ ಗಟ್ಟಿ ಕೊಕ್ಕು ಎಲ್ಲಿಂದ ಬರಬೇಕು?

ಊಟದ್ದೇ ಕಷ್ಟವಾಯಿತು. ಕೂರ್ಮಪ್ಪ ತಿನ್ನುತ್ತಿದ್ದದ್ದು ಡ್ಯಾಂಡೆಲಿಯನ್ ಎಲೆ, ಕ್ಲೋವರ್, ಹಿತ್ತಲ ಕಳೆ. ಕಚ್ಚಿ, ಮುಂಗಾಲಿನಿಂದ ಅದುಮಿ, ಹರಿದು ತಿನ್ನುವುದು ಅವನ ರೂಢಿ. ಈಗ ಎಲೆಯ ಹತ್ತಿರ ಮೂಗು ತರುತ್ತಾನೆ, ಮೂಸುತ್ತಾನೆ, ಬಾಯಿ ತೆರೆಯುತ್ತಾನೆ, ಕಚ್ಚುವ ಹೊತ್ತಿಗೆ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಅಮ್ಮ ಸೊಪ್ಪಿನ ಸಾರಿಗೆ ಹೆಚ್ಚುವುದಕ್ಕಿಂತ ಸಣ್ಣಗೆ ಎಲೆ ಹೆಚ್ಚಿ ಕೊಟ್ಟಳು. ಆದರೂ ಇಲ್ಲ. ತೂಕ ಸ್ವಲ್ಪ ಇಳಿಯಿತು. ಬಾಯಿ ತೆರೆಸಿ ತುರುಕಬಾರದೆಂದು ಡಾಕ್ಟರು ಹೇಳಿದ್ದರು. ದಿನಾ ಬೆಚ್ಚಗಿನ ನೀರಿನಲ್ಲಿ ಕೂರಿಸಿ ನೀರಾದರೂ ಕುಡಿಸುತ್ತಿದ್ದೆವು.

ನಮ್ಮ ಕಿಟಕಿಯ ಹತ್ತಿರ ಕುಂಡದಲ್ಲಿ ಕೆಂಪು ದಾಸವಾಳವಿತ್ತು. ಈ ದೇಶದ ಚಳಿಯಲ್ಲಿ ಅದು ಹೂ ಬಿಡುವುದೇ ಅಪರೂಪ, ಬಿಟ್ಟದ್ದು ದೇವರಿಗೆ. ಒಂದು ಬೆಳಿಗ್ಗೆ ಅಮ್ಮ ಆ ಹೂವನ್ನು ಕಿತ್ತು, ದೇವರ ಮುಂದೆ ನಿಂತು ಏನೋ ಹೇಳಿಕೊಂಡು, ನೇರವಾಗಿ ಪೆಟ್ಟಿಗೆಯ ಹತ್ತಿರ ಬಂದಳು. ಒಂದು ಎಸಳು ಬಿಡಿಸಿ ಅವನ ಮುಂದೆ ಹಿಡಿದಳು. ದಾಸವಾಳದ ಹೂವೂ ಎಲೆಯೂ ಆಮೆಗೆ ಒಳ್ಳೆಯ ಆಹಾರವೇ. ಕೆಂಪು ಬಣ್ಣ ಕಂಡರೆ ಅವು ತಾವಾಗಿ ಬರುತ್ತವೆ. ಕೂರ್ಮಪ್ಪ ಕತ್ತು ನೀಡಿದ. ಮೂಸಿದ. ಬಾಯಿ ತೆರೆದಾಗ ದಪ್ಪ ಗುಲಾಬಿ ನಾಲಗೆ ಕಂಡಿತು. ಎಡಗಡೆಯಿಂದ ಕಚ್ಚಲು ಹೋಗಿ ಬಿಟ್ಟ. ಸ್ವಲ್ಪ ತಡೆದು, ತಲೆಯನ್ನು ಓರೆ ಮಾಡಿ, ಬಲಗಡೆಯಿಂದ ಕಚ್ಚಿದ. ಮೆತ್ತನೆಯ ಎಸಳು ಹರಿದುಬಂತು.

"ತಿಂದ ಕಣೇ! ತಿಂದ!"

ನಾಲ್ಕು ಎಸಳು ತಿಂದ. ಐದನೆಯದನ್ನು ಅಮ್ಮ ಕಣ್ಣಿಗೊತ್ತಿಕೊಂಡು ತಾನೇ ಮುಡಿದಳು.

ಆಮೇಲೆ ದಾರಿ ಸುಗಮವಾಯಿತು. ಹೂವಿನ ಜೊತೆ ಹೆಚ್ಚಿದ ಎಲೆ, ಎಲೆ ಬರಬರುತ್ತ ದೊಡ್ಡದು. ನಿತ್ಯ ಅದೇ ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲಿಟ್ಟು ಕೊಕ್ಕಿನ ಫೋಟೊ ತೆಗೆದಿಡುತ್ತಿದ್ದೆ. ನಾನು ಮುಖ್ಯವಾಗಿ ಕೀವಿಗೆ ಹುಡುಕುತ್ತಿದ್ದೆ. ಆಮೆಯ ಕೀವು ನಮ್ಮದರಂತೆ ಹರಿಯುವುದಿಲ್ಲ. ಬಿಳಿಯಾಗಿ, ಗಟ್ಟಿಯಾಗಿ ಒಳಗೇ ಕೂತುಬಿಡುತ್ತದೆ, ಒತ್ತಿದರೆ ಬರುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು. ಅಂಥದ್ದೇನೂ ಆಗಲಿಲ್ಲ. ಗಾಯದ ಮೇಲೆ ಒಣಗಿದ ಪದರ ಬಂದು, ಅದು ತಾನಾಗಿ ಬಿತ್ತು.

ಬೇಸಿಗೆಯ ನಡುವೆ ಇನ್ನೊಂದು ತೊಡಕು. ಅವನು ಬಲಗಡೆಯಿಂದಲೇ ಕಚ್ಚುವುದನ್ನು ರೂಢಿ ಮಾಡಿಕೊಂಡಿದ್ದ. ಹಾಗಾದರೆ ಬಲಗಡೆ ಸವೆಯುತ್ತದೆ, ಎಡಗಡೆ ಬೆಳೆದದ್ದು ಸವೆಯುವುದಿಲ್ಲ, ಕೊಕ್ಕು ಸೊಟ್ಟಗಾಗುತ್ತದೆ. ಮತ್ತೆ ತೋರಿಸಿದಾಗ ಡಾಕ್ಟರು, ಇನ್ನು ಹೆಚ್ಚಿ ಕೊಡುವುದನ್ನು ನಿಲ್ಲಿಸಿ, ಒರಟು ಕಪ್ಪುಕಲ್ಲಿನ ಹಲಗೆಯ ಮೇಲೆ ಇಡೀ ಎಲೆ ಹಾಕಿ ಅಂದರು. ತಿನ್ನುವಾಗ ಕೊಕ್ಕು ಕಲ್ಲಿಗೆ ತಾಗಿ ಸಮವಾಗಿ ಸವೆಯುತ್ತದೆ. ಪೆಟ್ಟಿಗೆಯಲ್ಲಿ ಕಟಲ್‌ಫಿಶ್ಶಿನ ಬಿಳಿ ಮೂಳೆಯೊಂದನ್ನೂ ಇಡಲು ಹೇಳಿದರು. ಅದನ್ನು ಕಂಡ ಅಮ್ಮ, "ಇದು ಗ್ರಂಧಿಗೆ ಅಂಗಡೀಲಿ ಸಮುದ್ರದ ನೊರೆ ಅಂತ ಕೊಡ್ತಾರಲ್ಲ, ಅದೇ ಅಲ್ವೇನೇ?" ಅಂದಳು. ಅದೇ. ಕಚ್ಚಿದರೆ ಕ್ಯಾಲ್ಸಿಯಮ್ಮೂ ಸಿಗುತ್ತದೆ, ಕೊಕ್ಕೂ ಸವೆಯುತ್ತದೆ.

ಅಮ್ಮ ಆ ದಿನಗಳಲ್ಲಿ ತನ್ನ ಚಿಕ್ಕಂದಿನ ಆಮೆಗಳ ಕಥೆ ತೆಗೆದಳು. ಮುಳಬಾಗಿಲ ಕಡೆ ಅವಳ ತವರು. ಮೊದಲ ಮಳೆ ಬಿದ್ದ ಮೇಲೆ ರಾಗಿ ಹೊಲದ ಬದುಗಳಲ್ಲಿ, ಬೇಲಿಯ ಬುಡದಲ್ಲಿ, ಬೆನ್ನ ಮೇಲೆ ಹಳದಿ ಗೆರೆಗಳ ನಕ್ಷತ್ರ ಆಮೆಗಳು ಓಡಾಡುತ್ತಿದ್ದವಂತೆ. ಮಕ್ಕಳು ಮುಟ್ಟಿ, ಅದು ತಲೆ ಒಳಗೆಳೆದುಕೊಳ್ಳುವುದನ್ನು ನೋಡಿ ಬಿಟ್ಟುಬಿಡುತ್ತಿದ್ದರು. ಮನೆಗೆ ತರಲು ಆ ಗಾದೆಯೇ ಬಿಡುತ್ತಿರಲಿಲ್ಲ. ಈಗ ಯೋಚಿಸಿದರೆ ಆ ಗಾದೆ ಎಷ್ಟು ಆಮೆಗಳನ್ನು ಕಾಪಾಡಿತೋ.

ಸೆಪ್ಟೆಂಬರಿನಲ್ಲಿ ಅಮ್ಮ ಊರಿಗೆ ಹೊರಟಳು. ಅಷ್ಟು ಹೊತ್ತಿಗೆ ಕೊಕ್ಕಿನ ಗಾಯ ಪೂರ್ತಿ ಮಾಗಿ, ಅಂಚಿನಲ್ಲಿ ಒಂದು ಕಚ್ಚು ಮಾತ್ರ ಉಳಿದಿತ್ತು. ಗಾಯವಿರುವ, ತೂಕ ಇಳಿದ ಆಮೆಯನ್ನು ಚಳಿನಿದ್ದೆಗೆ ಕಳಿಸಬಾರದು. ಡಾಕ್ಟರು ನೋಡಿ, ತೂಕ ಹಿಂದಿನಂತಾಗಿದೆ ಅಂತ ಒಪ್ಪಿದ ಮೇಲೆಯೇ ಆ ವರ್ಷ ಅವನನ್ನು ಮಲಗಿಸಿದೆ. ಮರುವರ್ಷ ಬೇಸಿಗೆಯಲ್ಲಿ ಆ ಕಚ್ಚೂ ಸವೆದು ಹೋಯಿತು.

ಅದೇ ಬೇಸಿಗೆಯಲ್ಲಿ ಅಮ್ಮನ ಫೋನ್ ಬಂತು. ಕೋಲಾರದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಳಂತೆ. ಈಗ ಗಾಳಿ ಬೇರೆ ಕಡೆ ತಿರುಗಿದೆ. ಆಮೆ ಮನೆಯಲ್ಲಿದ್ದರೆ ಅದೃಷ್ಟ ಅಂತ ಯಾರೋ ಹೇಳಿ, ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದು ನಕ್ಷತ್ರ ಆಮೆ ಇಟ್ಟಿದ್ದರು. ಅನ್ನ, ಸೌತೆಕಾಯಿ ಹಾಕುತ್ತಿದ್ದರು. "ಕೊಕ್ಕು ನೋಡಿದೆ ಕಣೇ. ಗಿಣಿ ಮೂತಿ ಥರ ಕೆಳಕ್ಕೆ ಬಾಗಿಬಿಟ್ಟಿದೆ. ಬಾಯಿ ಮುಚ್ಚೋಕೆ ಆಗ್ತಿಲ್ಲ. ಬರೀ ಮೆತ್ತಗಿರೋದು ಹಾಕಿದಾರೆ, ಬಿಸಿಲಿಗೆ ಬಿಟ್ಟಿಲ್ಲ." ಒಂದು ಬೇಸಿಗೆಯೆಲ್ಲ ಒಂದು ಕೊಕ್ಕನ್ನು ನೋಡಿದ ಕಣ್ಣು ಅದು, ಅವಳು ಹೇಳಿದ್ದು ಅಕ್ಷರಶಃ ಸರಿ.

ನೆಂಟರು ಬೇಸರ ಮಾಡಿಕೊಂಡರು. ಅಮ್ಮ ಬಿಡಲಿಲ್ಲ. ಮಾರನೇ ದಿನ ತಾನೇ ಜೊತೆಗೆ ಹೋಗಿ ಅರಣ್ಯ ಇಲಾಖೆಯವರಿಗೆ ಒಪ್ಪಿಸಿ ಬಂದಳು.

ನಕ್ಷತ್ರ ಆಮೆಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸುವ ಪಟ್ಟಿಗೆ ಸೇರಿಸಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇರುವವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಹೊಲದ ಬದುವಿನಲ್ಲಿ ಅದು ಕಂಡರೆ ಇದ್ದಲ್ಲೇ ಬಿಡಿ. ರಸ್ತೆ ದಾಟುತ್ತಿದ್ದರೆ, ಅದು ಹೊರಟಿದ್ದ ದಿಕ್ಕಿನಲ್ಲೇ ಎತ್ತಿ ಆಚೆ ಬದಿಗೆ ಇಡಿ. ಪರಿಚಯದವರ ಮನೆಯ ಟಬ್ಬಿನಲ್ಲಿ ಕಂಡರೆ ಅದರ ಕೊಕ್ಕು ನೋಡಿ, ಆ ಮನೆಯವರನ್ನು ಒಪ್ಪಿಸಿ ಅರಣ್ಯ ಇಲಾಖೆಗೆ ತಲುಪಿಸಿ.